ಇಂದಿನ ಧಮ್ಮ ಚಿಂತನೆ: ತಿಳಿನೀರಿನಲ್ಲಿ ಸತ್ತ ಮೀನು

 

ಕಳೆದ ವರ್ಷ ಹಿತ್ತಲಲ್ಲಿ ಒಂದು ಸಣ್ಣ ಹೊಂಡ ಕಟ್ಟಿಸಿದೆ. 8 ಅಡಿ ಉದ್ದ, 6 ಅಡಿ ಅಗಲ, 4 ಅಡಿ ಆಳ. ಸುಮಾರು 5,400 ಲೀಟರ್ ನೀರು. ಬಣ್ಣದ ಕೊಯ್ ಮೀನು ಸಾಕುವ ಆಸೆ. ಶ್ರೀಮಂತರ ಶೋಕಿ ಎಂದು ಕೆಲವರು ನಕ್ಕರು. ಆದರೆ ಕೊಯ್ ಎಂದರೆ ಮೂಲದಲ್ಲಿ ಜಪಾನಿನ ನೀಗಾಟಾ ಸೀಮೆಯ ಭತ್ತದ ರೈತರು ಊಟಕ್ಕೆಂದು ಸಾಕುತ್ತಿದ್ದ ಗೆಂಡೆ ಮೀನು.

ಗಿಲಾವು ಒಣಗಿದ ಕೂಡಲೇ ನೀರು ತುಂಬಿಸಿ, ಎರಡೇ ದಿನಕ್ಕೆ 12 ಮೀನು ಬಿಟ್ಟೆ. ವಾರದೊಳಗೆ 8 ಸತ್ತವು. ನೀರು ಮಾತ್ರ ತಳ ಕಾಣುವಷ್ಟು ತಿಳಿ.

"ಯಾರದೋ ದಿಟ್ಟಿ ತಾಗೇತಿ, ಲಿಂಬಿಹಣ್ಣು ಮೆಣಸಿನಕಾಯಿ ಕಟ್ಟಪಾ" ಅಂದಳು ಅವ್ವ. ದೀಕ್ಷೆ ತೆಗೆದುಕೊಂಡ ನಮ್ಮ ಮನೆಗಳಲ್ಲೂ ಈ ಮಾತು ಇನ್ನೂ ಹೋಗಿಲ್ಲ.

ಮಗಳು ನೀರು ಪರೀಕ್ಷಿಸುವ ಕಿಟ್ ತರಿಸಿದಳು. ಹನಿ ಹಾಕಿದಾಗ ಹಳದಿಯಾಗಿಯೇ ಉಳಿಯಬೇಕಿದ್ದ ನೀರು ಗಾಢ ಹಸಿರಾಯಿತು. ಅದು ಅಮೋನಿಯ. ಮೀನಿನ ಕಿವಿರು, ಹೊಲಸು, ಉಳಿದ ಮೇವು, ಎಲ್ಲದರಿಂದಲೂ ಅದು ಹುಟ್ಟುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಹಳೆಯ ಹೊಂಡದಲ್ಲಿ ಒಂದು ಬಗೆಯ ಬ್ಯಾಕ್ಟೀರಿಯ ಅದನ್ನು ನೈಟ್ರೈಟ್ ಮಾಡುತ್ತದೆ. ನೈಟ್ರೈಟೂ ವಿಷವೇ. ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡಿದ ಮೇಲೆ ಗಿಡಗಳು ಹೀರಿಕೊಳ್ಳುತ್ತವೆ. ಈ ಸರಪಳಿ ಕೂಡಿಬರಲು ನಾಲ್ಕರಿಂದ ಆರು ವಾರ ಬೇಕು. ನಾನು ಕೊಟ್ಟದ್ದು ಎರಡು ದಿನ. ಜೊತೆಗೆ ಹೊಸ ಸಿಮೆಂಟಿನ ಸುಣ್ಣ ನೀರಿನ ಕ್ಷಾರ ಹೆಚ್ಚಿಸಿ ಅಮೋನಿಯವನ್ನು ಇನ್ನಷ್ಟು ಕ್ರೂರ ಮಾಡಿತ್ತು. ಪ್ರತೀತ್ಯ ಸಮುತ್ಪಾದವನ್ನು ಬಳಗದಲ್ಲಿ ಎಷ್ಟೋ ಸಲ ಓದಿದ್ದೇನೆ. ಅದು ಅರ್ಥವಾಗಲು 8 ಜೀವ ಹೋಗಬೇಕಾಯಿತು. ಕೊಲ್ಲುವ ಮನಸ್ಸು ಇರಲಿಲ್ಲ ನಿಜ, ಆದರೂ ಮೊದಲನೆಯ ಶೀಲ ಹೇಳುವಾಗ ಈಗಲೂ ನಾಲಿಗೆ ತಡೆಯುತ್ತದೆ.

ಆ ವಾರವೇ ಮಹಾಡದ ಪಾಠ ನಡೆದಿತ್ತು. ಚವದಾರ ಕೆರೆಯನ್ನು ಎಲ್ಲರಿಗೂ ತೆರೆಯಲು ಅಲ್ಲಿನ ಪುರಸಭೆ 1924ರಲ್ಲೇ ಠರಾವು ಮಾಡಿತ್ತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಆ ನೀರು ಕುಡಿದರು, ಸಾವಿರಾರು ಜನ ಅವರ ಹಿಂದೆ. ಆಮೇಲೆ ಕೆರೆ ಮೈಲಿಗೆಯಾಯಿತೆಂದು 108 ಮಡಕೆಗಳಲ್ಲಿ ಸಗಣಿ, ಗಂಜಲ, ಹಾಲು, ಮೊಸರು ಬೆರೆಸಿ ಶುದ್ಧಿ ಮಾಡಿದರು. ನನ್ನ ಹೊಂಡಕ್ಕೆ ಅದನ್ನೇ ಸುರಿದರೆ ಉಳಿದ ನಾಲ್ಕೂ ಸಾಯುತ್ತಿದ್ದವು. ಸಗಣಿ ಗಂಜಲ ಕೊಳೆತರೆ ಬರುವುದೂ ಅಮೋನಿಯವೇ. ಕೆರೆಯ ಹಕ್ಕನ್ನು ಮುಂಬಯಿ ಹೈಕೋರ್ಟ್ ಎತ್ತಿಹಿಡಿಯುವಷ್ಟರಲ್ಲಿ 1937 ಬಂದಿತ್ತು.

ಇದನ್ನೆಲ್ಲ ಅವ್ವನಿಗೆ ಓದಿ ಹೇಳಿದೆ. ಹುಡುಗಿಯಾಗಿದ್ದಾಗ ಅವಳು ಬಾವಿಕಟ್ಟೆಯಿಂದ ದೂರ ಕೊಡ ಇಟ್ಟು, ಯಾರಾದರೂ ಮೇಲಿನಿಂದ ಸುರಿಯಲಿ ಎಂದು ಕಾಯುತ್ತಿದ್ದವಳು. ಬಹಳ ಹೊತ್ತು ಸುಮ್ಮನಿದ್ದು ಕೇಳಿದಳು:

"ನಾನು ಮುಟ್ಟಿದ ಮ್ಯಾಲ ಆ ಬಾವಿ ನೀರಿಗೆ ಈ ಹನಿ ಹಾಕಿದ್ರ, ಬಣ್ಣ ಬದಲಾಗತಿತ್ತೇನ?"

"ಇಲ್ಲವ್ವ" ಅಂದೆ.

ನಾಲ್ಕು ಮೀನುಗಳನ್ನು ಪರಿಚಯದವರ ತೊಟ್ಟಿಗೆ ಒಯ್ದುಬಿಟ್ಟೆ. ಹೊಂಡವನ್ನು ಮೂರು ಸಲ ತುಂಬಿಸಿ ಖಾಲಿ ಮಾಡಿದೆ. ನಳದ ನೀರಿನ ಕ್ಲೋರಿನ್ ಹೋಗಲೆಂದು ಹಾಗೇ ಬಿಟ್ಟೆ. ಬ್ಯಾಕ್ಟೀರಿಯ ನೆಲೆಸಲು ಒಂದು ಡ್ರಮ್ಮಿನಲ್ಲಿ ಇಟ್ಟಿಗೆ ಚೂರು, ನೈಲಾನ್ ಬಲೆ ತುಂಬಿ ಪಂಪಿನಿಂದ ನೀರು ಹಾಯಿಸಿದೆ. ದಿನಕ್ಕೊಂದು ಚಿಟಿಕೆ ಮೇವು ಹಾಕುತ್ತ ಆರು ವಾರ ಕಾದು, ಆ ನಾಲ್ಕನ್ನೇ ಮರಳಿ ತಂದೆ. ಒಂದೂ ಸತ್ತಿಲ್ಲ.

ಲಿಂಬಿಹಣ್ಣಿನ ಮಾತು ಮನೆಯಲ್ಲಿ ಮತ್ತೆ ಬಂದಿಲ್ಲ. ಪ್ರತಿ ರವಿವಾರ ಮುಂಜಾನೆ ಪರೀಕ್ಷೆಯ ನಳಿಗೆ ಬೆಳಕಿಗೆ ಹಿಡಿಯುವವಳು ಈಗ ಅವ್ವ. "ಹಳದಿ ಐತಿ ನೋಡು" ಎಂದು ಒಳಗಿದ್ದವರನ್ನೆಲ್ಲ ಕರೆಯುತ್ತಾಳೆ.

ಜೈ ಭೀಮ್.