ಊದಿದ ಕಾಲಿಗೆ ಕೈಯ ಆರೈಕೆ

ಚರ್ಮ ಹದಮಾಡುವ ಕ್ರೋಮ್ ಲೆದರ್ ಕಾರ್ಖಾನೆಯಿಂದ ಹೆಸರು ಪಡೆದ ಮದರಾಸಿನ ಕ್ರೋಂಪೇಟೆಯಲ್ಲಿ, ಮಳೆಗಾಲ ಮುಗಿದ ಮೇಲೂ ತಗ್ಗಿನ ಬೀದಿಗಳಲ್ಲಿ ನಿಂತುಳಿಯುವ ಕೊಳಕು ನೀರೂ, ಆ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆಯೂ ಹೊಸದಾಗಿ ಬಂದು ನೆಲಸಿದವರಿಗೆ ಸಹ ಬಹುಬೇಗ ಪರಿಚಯವಾಗತಕ್ಕವು. ಮದರಾಸು ಬಹುಕಾಲ ಆನೆಕಾಲು ರೋಗದ ನೆಲೆಯಾಗಿದ್ದುದು ಈ ಸೊಳ್ಳೆಯ ದೆಸೆಯಿಂದಲೇ. ಸರ್ಕಾರದವರು ಮನೆಮನೆಗೆ ಹಂಚಿದ ಗುಳಿಗೆಗಳು ರಕ್ತದೊಳಗಿನ ಎಳೆಯ ಹುಳುಗಳನ್ನು ನಾಶಮಾಡಿ ರೋಗ ಹರಡುವುದನ್ನು ತಡೆದುವಾದರೂ, ಹಿಂದೆಂದೋ ಊದಿಕೊಂಡ ಕಾಲನ್ನು ಅವು ಇಳಿಸಲಾರವು. ಆದಕಾರಣ ಸೀರೆಯ ನೆರಿಗೆಯಲ್ಲಿ, ಪಂಚೆಯ ಅಂಚಿನಲ್ಲಿ ಕಾಲನ್ನು ಮರೆಮಾಡಿಕೊಂಡು ನಡೆಯುವ ಹಿರಿಯರು ಇಂದಿಗೂ ಇದ್ದಾರೆ. ಇವರೊಡನೆ, ಸ್ತನದ ಕ್ಯಾನ್ಸರಿಗಾಗಿ ಕಂಕುಳಿನ ಗ್ರಂಥಿಗಳನ್ನು ತೆಗೆಸಿಕೊಂಡು, ಕೆಲವು ತಿಂಗಳ ಅನಂತರ ಬಳೆ ಬಿಗಿಯಾದುದನ್ನು ಕಂಡು ಕಳವಳಗೊಳ್ಳುವ ಸ್ತ್ರೀಯರನ್ನೂ ಸೇರಿಸಬೇಕು. ಕಾರಣಗಳು ಬೇರೆಯಾದರೂ ಕೆಟ್ಟಿರುವ ವ್ಯವಸ್ಥೆ ಒಂದೇ.

ಸೂಕ್ಷ್ಮ ರಕ್ತನಾಳಗಳಿಂದ ಹೊರಕ್ಕೆ ಜಿನುಗಿ ಮಾಂಸದ ಎಡೆಗಳಲ್ಲಿ ಉಳಿದ ದ್ರವವನ್ನೂ ಪ್ರೋಟೀನನ್ನೂ ಹೀರಿ, ಮರಳಿ ರಕ್ತಕ್ಕೆ ಸೇರಿಸುವುದು ದುಗ್ಧನಾಳಗಳ ಕೆಲಸ. ದಿನವೊಂದಕ್ಕೆ ಎರಡರಿಂದ ನಾಲ್ಕು ಲೀಟರಿನಷ್ಟು ದುಗ್ಧರಸ ಈ ಮಾರ್ಗವಾಗಿ ಹರಿದು, ದಾರಿಯಲ್ಲಿ ತೊಡೆಸಂದು, ಕಂಕುಳು, ಕುತ್ತಿಗೆಗಳ ಗ್ರಂಥಿಗಳಲ್ಲಿ ಸೋಸಲ್ಪಟ್ಟು, ಕಟ್ಟಕಡೆಗೆ ಕತ್ತಿನ ಬುಡದ ದೊಡ್ಡ ರಕ್ತನಾಳಗಳನ್ನು ಸೇರುತ್ತದೆ. ಕಾಲಿಗೆ ಗಾಯವಾದಾಗ ತೊಡೆಸಂದಿನಲ್ಲಿ ಗಳಲೆ ಕಟ್ಟುವುದು ಈ ಸೋಸುವಿಕೆಯ ಕುರುಹು. ಹೃದಯದಂಥ ಯಂತ್ರವೊಂದು ಇದಕ್ಕಿಲ್ಲ. ನಾಳಗಳ ಸ್ವಂತ ಮಿಡಿತ, ಸ್ನಾಯುಗಳ ಚಲನೆ, ಉಸಿರಾಟದ ಏರಿಳಿತ ಇವೇ ಅದರ ಪ್ರೇರಕಶಕ್ತಿಗಳು. ಆನೆಕಾಲಿನ ಹುಳು ಹಲವು ವರ್ಷ ಈ ನಾಳಗಳಲ್ಲೇ ಬದುಕಿ ಅವುಗಳನ್ನು ಸಡಿಲಗೊಳಿಸಿದಾಗ ದ್ರವ ಹಿಂದಕ್ಕೆ ನಿಲ್ಲುತ್ತದೆ. ನಿಂತಲ್ಲಿ ಸೋಂಕು ತಗಲುತ್ತದೆ. ಸೋಂಕಿನಿಂದ ನಾಳಗಳು ಇನ್ನಷ್ಟು ಹಾಳಾಗುತ್ತವೆ.

ಚಿಕಿತ್ಸೆಗೆ ಆಧಾರವಾದ ಅಂಶವೊಂದನ್ನು ಇಲ್ಲಿಯೇ ಹೇಳಿಬಿಡಬೇಕು. ದುಗ್ಧನಾಳಗಳ ತೀರ ಮೊದಲಿನ ಎಳೆಗಳು ಚರ್ಮದ ಒಡಲಲ್ಲೇ, ಮೇಲ್ಭಾಗಕ್ಕೆ ಸಮೀಪವಾಗಿ ಇರುತ್ತವೆ. ಚರ್ಮವನ್ನು ಮೃದುವಾಗಿ ಎಳೆದರೆ ಅವುಗಳ ಬಾಯಿ ತೆರೆಯುತ್ತದೆ, ಬಲವಾಗಿ ಒತ್ತಿದರೆ ಮುಚ್ಚಿಹೋಗುತ್ತದೆ. 1930ರ ದಶಕದಲ್ಲಿ ಫ್ರಾನ್ಸಿನ ಕಾನ್ ಪಟ್ಟಣದಲ್ಲಿದ್ದ ಎಮಿಲ್ ವಾಡರ್ ಮತ್ತು ಎಸ್ಟ್ರಿಡ್ ವಾಡರ್ ಎಂಬ ಡೇನಿಷ್ ದಂಪತಿಗಳು ರೂಢಿಗೆ ತಂದ ಹಸ್ತವಿಧಾನದ ತಿರುಳೂ ಇದೇ. ಇಂದು ಸೌಂದರ್ಯ ಮಳಿಗೆಗಳು ದೇಹದ ವಿಷ ತೆಗೆಯುವುದಾಗಿ ಫಲಕ ಹಾಕಿಕೊಂಡು ನಡೆಸುವ ತಿಕ್ಕಾಟಕ್ಕೂ ಈ ಚಿಕಿತ್ಸೆಗೂ ಹೆಸರಿನ ಹೊರತು ಬೇರೆ ಸಂಬಂಧ ಕಡಿಮೆ. ಊದಿದ ಕಾಲಿಗೆ ಎಣ್ಣೆ ಹಚ್ಚಿ ಬಲವಾಗಿ ನೀವುವವರು ಎಷ್ಟೇ ಸದುದ್ದೇಶವುಳ್ಳವರಾಗಿದ್ದರೂ ಅವರಿಂದ ಆಗುವುದು ಅಪಕಾರವೇ.

ಮೊದಲ ಕೆಲಸ ವೈದ್ಯರ ಪರೀಕ್ಷೆ. ಹೃದಯ, ಮೂತ್ರಪಿಂಡ, ಯಕೃತ್ತುಗಳ ದೋಷದಿಂದಲೂ, ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರಿಂದಲೂ ಕಾಲು ಊದುವುದುಂಟು. ಅಂಥ ಊತವನ್ನು ಕೈಯಿಂದ ಮೇಲಕ್ಕೆ ತಳ್ಳುವುದು ಪ್ರಾಣಕ್ಕೇ ಅಪಾಯ. ಕಾಲಿನ ಎರಡನೆಯ ಬೆರಳಿನ ಬುಡದಲ್ಲಿ ಚರ್ಮವನ್ನು ಚಿವುಟಿ ಎತ್ತಲು ಬಾರದಿದ್ದರೆ ಅದು ದುಗ್ಧರಸದ ಊತವೆಂದು ಬಹುಮಟ್ಟಿಗೆ ಊಹಿಸಬಹುದು. ಎತ್ತಲು ಬಂದ ಮಾತ್ರಕ್ಕೆ ರೋಗವಿಲ್ಲವೆಂದು ಹೇಳಲಾಗದು. ಅಳತೆಯ ಟೇಪಿನಿಂದ ಕಣಕಾಲು, ಮೀನಖಂಡ, ತೊಡೆಗಳ ಸುತ್ತಳತೆ ತೆಗೆದು, ವಾರಕ್ಕೊಮ್ಮೆ ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ ಅಳೆದು ಬರೆದಿಡುವುದು ಒಳ್ಳೆಯದು.

ಎರಡನೆಯದು ತೊಳೆಯುವುದು. ಇದನ್ನು ಅಲಕ್ಷ್ಯಮಾಡುವವರೇ ಹೆಚ್ಚು. ನನ್ನ ಅಭಿಪ್ರಾಯದಲ್ಲಿ ಇದಕ್ಕಿಂತ ಮುಖ್ಯವಾದ ಅಂಗವಿಲ್ಲ. ಪ್ರತಿದಿನ ತಣ್ಣೀರು, ಸಾಬೂನುಗಳಿಂದ ಕಾಲನ್ನು ಮಡಿಕೆ ಮಡಿಕೆಯಾಗಿ, ಬೆರಳ ಸಂದುಗಳನ್ನು ಒಂದೊಂದಾಗಿ ತೊಳೆದು, ಮೆತ್ತನೆಯ ಬಟ್ಟೆಯಿಂದ ಒತ್ತಿ ತೇವವನ್ನೆಲ್ಲ ತೆಗೆಯತಕ್ಕದ್ದು. ಬೆರಳ ಸಂದಿನ ಕೆಸರುಹುಣ್ಣೇ ರೋಗಾಣುಗಳು ಒಳಹೊಗುವ ಬಾಗಿಲು. ಅದಕ್ಕೆ ವೈದ್ಯರು ಹೇಳಿದ ಮುಲಾಮು ಹಚ್ಚಬೇಕು.

ಮೂರನೆಯದೇ ಹಸ್ತಕ್ರಮ. ಸಾಯಂಕಾಲ ಕ್ರೋಂಪೇಟೆಯ ಜಿ.ಎಸ್.ಟಿ. ರಸ್ತೆಯಲ್ಲಿ ವಾಹನಗಳು ಸಾಲುಗಟ್ಟಿ ನಿಂತಾಗ ಹಿಂದಿನ ಬಸ್ಸಿನವನು ಎಷ್ಟು ಹಾರನ್ನು ಬಾರಿಸಿದರೂ ಮುಂದಿನವು ಕದಲುವವರೆಗೆ ಪ್ರಯೋಜನವಿಲ್ಲವಷ್ಟೆ; ಇಲ್ಲಿಯೂ ಹಾಗೆಯೇ, ಪಾದದಿಂದ ಆರಂಭಿಸದೆ ದೂರದ ಕುತ್ತಿಗೆಯಿಂದ ಆರಂಭಿಸಬೇಕು. ರೋಗಿ ಮಲಗಿ, ಹೊಟ್ಟೆಯ ಮೇಲೆ ಕೈಯಿಟ್ಟು, ಹೊಟ್ಟೆ ಏರುವಂತೆ ನಿಧಾನವಾಗಿ ಹತ್ತು ಬಾರಿ ಉಸಿರಾಡಲಿ. ಅನಂತರ ಕೊರಳೆಲುಬಿನ ಮೇಲಣ ಗುಳಿಗಳಲ್ಲಿ ಬೆರಳಿಟ್ಟು, ಚರ್ಮವನ್ನು ಮಾತ್ರ ಕೆಳಕ್ಕೂ ಒಳಕ್ಕೂ ಎಳೆದು ಬಿಡುವುದನ್ನು ಐದಾರು ಬಾರಿ ಮಾಡಬೇಕು. ಥೈರಾಯ್ಡ್ ದೋಷವುಳ್ಳವರೂ, ಕತ್ತಿನ ರಕ್ತನಾಳದ ತೊಂದರೆಯುಳ್ಳ ವೃದ್ಧರೂ ಕುತ್ತಿಗೆಯನ್ನು ಮುಟ್ಟತಕ್ಕದ್ದಲ್ಲ. ಆಮೇಲೆ ಊದಿದ ಬದಿಯ ಕಂಕುಳು, ಅಲ್ಲಿಂದ ಸೊಂಟದ ಪಕ್ಕ, ತೊಡೆಸಂದು, ತೊಡೆ, ಮಂಡಿಯ ಹಿಂಭಾಗ, ಮೀನಖಂಡ, ಕೊನೆಗೆ ಪಾದ. ಹೀಗೆ ಸ್ಥಾನಗಳು ಮೇಲಿನಿಂದ ಕೆಳಕ್ಕೆ ಇಳಿಯುತ್ತ ಬಂದರೂ, ಕುತ್ತಿಗೆಯದರ ಹೊರತು ಪ್ರತಿಯೊಂದು ಎಳೆತವೂ ಮೇಲ್ಮುಖವಾಗಿಯೇ ಇರಬೇಕು. ಚರ್ಮ ಕೆಂಪಾದರೆ ಒತ್ತಡ ಹೆಚ್ಚಾಯಿತೆಂದು ತಿಳಿಯಬೇಕು. ತೋಳಿನ ಊತವುಳ್ಳವರಲ್ಲಿ ದ್ರವವನ್ನು ಎದೆಯ ಮೇಲಿಂದ ಇನ್ನೊಂದು ಬದಿಯ ಕಂಕುಳಿಗೂ, ಅದೇ ಬದಿಯ ತೊಡೆಸಂದಿಗೂ ತಿರುಗಿಸುವುದು ವಾಡಿಕೆ. ಅದನ್ನು ತರಬೇತಾದ ಫಿಸಿಯೋಥೆರಪಿಸ್ಟರಿಂದಲೇ ಕಲಿಯತಕ್ಕದ್ದು.

ನಾಲ್ಕನೆಯದು ಪಟ್ಟಿ. ಪಟ್ಟಿ ಸುತ್ತದೆ ಬಿಟ್ಟರೆ ಅಷ್ಟು ಹೊತ್ತು ಕೈಯಿಂದ ಮಾಡಿದ ಕೆಲಸವೆಲ್ಲ ಸಂಜೆಯೊಳಗೆ ವ್ಯರ್ಥ. ಬೆರಳ ಬುಡದಿಂದ ಮೊದಲ್ಗೊಂಡು, ಪಾದ ಮತ್ತು ಕಣಕಾಲುಗಳಲ್ಲಿ ಬಿಗಿಯಾಗಿಯೂ ಮೇಲೇರಿದಂತೆ ಸಡಿಲವಾಗಿಯೂ ಸುತ್ತಬೇಕು. ಬೆರಳು ನೀಲಿಯಾದರೆ, ಜುಮುಗುಟ್ಟಿದರೆ, ನೋವೆದ್ದರೆ ಕೂಡಲೆ ಬಿಚ್ಚಬೇಕು. ಸಕ್ಕರೆ ಕಾಯಿಲೆಯವರು ಕಾಲಿನ ರಕ್ತಸಂಚಾರವನ್ನು ಪರೀಕ್ಷಿಸಿಕೊಳ್ಳದೆ ಪಟ್ಟಿ ಸುತ್ತಲಾಗದು. ಪಟ್ಟಿಯಿರುವಾಗಲೇ ಪಾದವನ್ನು ಮೇಲಕ್ಕೂ ಕೆಳಕ್ಕೂ ಆಡಿಸುವುದು, ಮನೆಯೊಳಗೆ ನಡೆಯುವುದು, ಕುಳಿತಾಗ ಕಾಲನ್ನು ಎತ್ತರದಲ್ಲಿಡುವುದು ಇವು ತಪ್ಪಬಾರದು.

ಚಳಿಜ್ವರದೊಡನೆ ಕಾಲು ಕೆಂಪಾಗಿ ಕಾದು ನೋಯತೊಡಗಿದರೆ ಕೈಚಿಕಿತ್ಸೆ, ಪಟ್ಟಿ, ವ್ಯಾಯಾಮ ಮೂರನ್ನೂ ನಿಲ್ಲಿಸಿ, ತಣ್ಣೀರಿನ ಬಟ್ಟೆಯಿಟ್ಟು, ಅಂದೇ ವೈದ್ಯರಲ್ಲಿಗೆ ಹೋಗತಕ್ಕದ್ದು.

ಸುಶ್ರುತನು ಶ್ಲೀಪದವೆಂದು ವರ್ಣಿಸಿದ ಈ ರೋಗಕ್ಕೆ ಆಯುರ್ವೇದವನ್ನೂ ಆಧುನಿಕ ವೈದ್ಯವನ್ನೂ ಕೂಡಿಸಿ ಕ್ರಮಬದ್ಧವಾದ ಚಿಕಿತ್ಸೆಯೊಂದನ್ನು ರೂಪಿಸಿದ ಕೀರ್ತಿ ನಮ್ಮ ಗಡಿನಾಡಾದ ಕಾಸರಗೋಡಿಗೆ ಸಲ್ಲುತ್ತದೆ. ಅಲ್ಲಿ ಚರ್ಮವೈದ್ಯ ಡಾ. ಎಸ್. ಆರ್. ನರಹರಿಯವರು ಸ್ಥಾಪಿಸಿದ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಎಂಬ ಸಂಸ್ಥೆಯಲ್ಲಿ ರೋಗಿಯ ಕಾಲನ್ನು ಸಾಬೂನಿನಿಂದ ತೊಳೆದು, ಗಿಡಮೂಲಿಕೆಗಳ ಫಾಂಟದಲ್ಲಿ ನೆನೆಸಿ, ಯೋಗಾಸನ ಪ್ರಾಣಾಯಾಮಗಳನ್ನು ಮಾಡಿಸಿ, ಎಣ್ಣೆಯೊಡನೆ ಮೃದುವಾದ ಭಾರತೀಯ ಹಸ್ತಕ್ರಮವನ್ನು ನಡೆಸಿ, ಪಟ್ಟಿ ಸುತ್ತುತ್ತಾರೆ. ಈ ಕ್ರಮವನ್ನು ಕಲಬುರಗಿ ಮತ್ತು ಆಲಪ್ಪುಳ ಜಿಲ್ಲೆಗಳ ಹಳ್ಳಿಗರಿಗೆ ಕಲಿಸಿ, ಅದರ ಫಲವನ್ನು 2013ರಲ್ಲಿ ಪ್ರಕಟಿಸಿಯೂ ಇದ್ದಾರೆ. ಊತ ಇಳಿದುದಷ್ಟೇ ಅಲ್ಲದೆ ಜ್ವರದ ಬಾಧೆಯೂ ತಗ್ಗಿದುದು ಅದರಲ್ಲಿ ಕಂಡುಬಂದಿತು. ದುಬಾರಿ ಯಂತ್ರಗಳಿಲ್ಲದೆ ಬಡವರ ಮನೆಯಲ್ಲೂ ಸಾಗಬಲ್ಲ ಚಿಕಿತ್ಸೆ ಇದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹೋಗಬಯಸುವವರಿಗೆ ಚೆನ್ನೈ ಸೆಂಟ್ರಲ್‌ನಿಂದ ಹೊರಡುವ ಮಂಗಳೂರು ಮೇಲ್ ರೈಲು ಕಾಸರಗೋಡಿನಲ್ಲಿ ನಿಲ್ಲುತ್ತದೆ. ರೋಗಿಯೊಬ್ಬರೇ ಹೋಗದೆ ಮಗಳನ್ನೋ ಸೊಸೆಯನ್ನೋ ಮಗನನ್ನೋ ಜೊತೆಗೆ ಕರೆದೊಯ್ಯಲಿ. ಊರಿಗೆ ಮರಳಿದ ಮೇಲೆ ದಿನವೂ ಪಟ್ಟಿ ಸುತ್ತಬೇಕಾದವರು ಅವರೇ.