ಗಂಧಕ ಹಿಡಿಯುವ ತುಕ್ಕು: ಕಬ್ಬಿನ ಸೀಮೆಯ ಅನಿಲ ಕಲಿಸಿದ್ದು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ನೆಲದಡಿ ನೈಸರ್ಗಿಕ ಅನಿಲದ ನಿಕ್ಷೇಪವಿಲ್ಲದಿದ್ದರೂ, ಆ ಅನಿಲದ ಮುಖ್ಯ ಘಟಕವಾದ ಮೀಥೇನ್ ಇಲ್ಲಿ ನೆಲದ ಮೇಲೆಯೇ ಹುಟ್ಟುತ್ತದೆ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನೀರಿನಲ್ಲಿ ಬೆಳೆದ ಕಬ್ಬು ಕಾರ್ಖಾನೆಯೊಳಗೆ ಹಾದುಹೋಗುವಾಗ ಎರಡು ಶೇಷಗಳನ್ನು ಉಳಿಸುತ್ತದೆ: ರಸ ಸೋಸಿದಾಗ ಸಿಗುವ ಪ್ರೆಸ್ ಮಡ್ ಎಂಬ ಗಸಿ ಮತ್ತು ಕಾಕಂಬಿಯಿಂದ ಮದ್ಯಸಾರ ಬಟ್ಟಿ ಇಳಿಸಿದ ಮೇಲೆ ಉಳಿಯುವ ಸ್ಪೆಂಟ್ ವಾಶ್ ಎಂಬ ಕಂದು ದ್ರವ. ಕಾಗವಾಡ ತಾಲ್ಲೂಕಿನ ಉಗಾರ ಖುರ್ದದಲ್ಲಿ 1939ರಲ್ಲಿ ಸ್ಥಾಪನೆಯಾದ ಸಕ್ಕರೆ ಕಂಪನಿಯಿಂದ ಹಿಡಿದು ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ ಸಹಕಾರಿ ಕಾರ್ಖಾನೆಗಳವರೆಗೆ ಈ ಸೀಮೆಯ ಆರ್ಥಿಕತೆ ಕಬ್ಬಿನ ಮೇಲೆ ನಿಂತಿರುವುದರಿಂದ, ಕೇಂದ್ರ ಸರಕಾರ 2018ರ ಅಕ್ಟೋಬರ್‌ನಲ್ಲಿ ಸತತ್ ಯೋಜನೆಯಡಿ ಸಂಕುಚಿತ ಜೈವಿಕ ಅನಿಲವನ್ನು, ಅಂದರೆ ಸಿಬಿಜಿಯನ್ನು, ವಾಹನ ಇಂಧನವಾಗಿ ಕೊಳ್ಳಲು ಮುಂದಾದಾಗ ಇಲ್ಲಿನವರ ಕಿವಿ ನೆಟ್ಟಗಾದದ್ದು ಸಹಜ.

ಆದರೆ ಈ ಶೇಷಗಳನ್ನು ಗಾಳಿಯಿಲ್ಲದೆ ಕೊಳೆಸಿ ಮೀಥೇನ್ ಪಡೆಯುವ ಡೈಜೆಸ್ಟರ್ ಎಂಬ ತೊಟ್ಟಿಯಿಂದ ಹೊರಬರುವ ಅನಿಲ ನೇರವಾಗಿ ಸಿಲಿಂಡರಿಗೆ ಹೋಗುವಂತಹದ್ದಲ್ಲ, ಏಕೆಂದರೆ ಅದರಲ್ಲಿ ಮೀಥೇನ್, ಇಂಗಾಲದ ಡೈಆಕ್ಸೈಡ್‌ಗಳ ಜೊತೆಗೆ ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಅದು ತೇವದೊಂದಿಗೆ ಕೂಡಿ ಕೊಳವೆ, ಕಂಪ್ರೆಸರುಗಳನ್ನು ಕೊರೆಯುತ್ತದೆ, ಉರಿದಾಗ ಗಂಧಕದ ಡೈಆಕ್ಸೈಡ್ ಆಗುತ್ತದೆ. ಭಾರತೀಯ ಮಾನಕ ಐಎಸ್ 16087 ಪ್ರಕಾರ ಒಂದು ಘನಮೀಟರ್ ಅನಿಲದಲ್ಲಿ ಹೈಡ್ರೋಜನ್ ಸಲ್ಫೈಡ್ 20 ಮಿಲಿಗ್ರಾಂ ಮೀರುವಂತಿಲ್ಲ. ಡಿಸ್ಟಿಲರಿಯ ಅನಿಲದಲ್ಲಿಯೋ ಅದು ನೂರಕ್ಕೆ ಎರಡು ಭಾಗ, ಕೆಲವೊಮ್ಮೆ ಅದಕ್ಕೂ ಹೆಚ್ಚು ಇರುತ್ತದೆ. ಎರಡು ಭಾಗ ಎಂದರೆ ಘನಮೀಟರಿಗೆ ಸುಮಾರು 28 ಗ್ರಾಂ, ಅರ್ಥಾತ್ ಅದನ್ನು ಸಾವಿರದ ನಾನೂರರಲ್ಲಿ ಒಂದು ಪಾಲಿಗೆ ಇಳಿಸಬೇಕು.

ಇಷ್ಟೊಂದು ಗಂಧಕ ಎಲ್ಲಿಂದ ಬಂತು ಎಂದು ಹುಡುಕಿದರೆ ದಾರಿ ಕಾರ್ಖಾನೆಯ ಒಳಗೇ ಹೋಗುತ್ತದೆ. ಬಿಳಿ ಸಕ್ಕರೆಗಾಗಿ ರಸಕ್ಕೆ ಸುಣ್ಣ ಬೆರೆಸಿ, ಹಳದಿ ಗಂಧಕವನ್ನು ಸುಟ್ಟ ಹೊಗೆಯನ್ನು ಅದರೊಳಗೆ ಹಾಯಿಸುವ ಸಲ್ಫಿಟೇಶನ್ ಪದ್ಧತಿಯಲ್ಲಿ ಒಂದು ಟನ್ ಕಬ್ಬಿಗೆ ಹೆಚ್ಚುಕಡಿಮೆ ಅರ್ಧ ಕಿಲೋ ಗಂಧಕ ಖರ್ಚಾಗುತ್ತದೆ. ಅದರಲ್ಲಿ ಬಹುಪಾಲು ಗಸಿಗೂ ಒಂದಿಷ್ಟು ಕಾಕಂಬಿಗೂ ಸೇರುತ್ತದೆ, ಮುಂದೆ ಡಿಸ್ಟಿಲರಿಯಲ್ಲಿ ಹುದುಗಿನ ಆಮ್ಲತೆ ಸರಿಪಡಿಸಲು ಹಾಕುವ ಗಂಧಕಾಮ್ಲ ಅದಕ್ಕೆ ಇನ್ನಷ್ಟು ಕೂಡಿಸುತ್ತದೆ. ಗಾಳಿಯಿಲ್ಲದ ಡೈಜೆಸ್ಟರಿನಲ್ಲಿ ಸಲ್ಫೇಟನ್ನು ಉಸಿರಾಡುವ ಬ್ಯಾಕ್ಟೀರಿಯಾಗಳು ಇವೆಲ್ಲವನ್ನೂ ಹೈಡ್ರೋಜನ್ ಸಲ್ಫೈಡಾಗಿ ಮಾರ್ಪಡಿಸುತ್ತವೆ. ದುಡ್ಡು ಕೊಟ್ಟು ತಂದ ಗಂಧಕವನ್ನು ಮತ್ತೆ ದುಡ್ಡು ಕೊಟ್ಟು ತೆಗೆಯುವ ಈ ವ್ಯವಹಾರ ಲೆಕ್ಕಪತ್ರದಲ್ಲಿ ಎರಡು ಬೇರೆ ವಿಭಾಗಗಳಲ್ಲಿ ದಾಖಲಾಗುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ.

ತೆಗೆಯುವ ವಿಧಾನಗಳಲ್ಲಿ ದೊಡ್ಡವರ ದಾರಿ ಬೇರೆ. ಅರಬ್ಬೀ ಸಮುದ್ರದ ಬಾವಿಗಳ ಹುಳಿ ಅನಿಲ, ಅಂದರೆ ಹೈಡ್ರೋಜನ್ ಸಲ್ಫೈಡ್ ಬೆರೆತ ಅನಿಲ, ಗುಜರಾತಿನ ಹಜೀರಾದಲ್ಲಿ ಅಮೀನ್ ಎಂಬ ದ್ರಾವಣದಲ್ಲಿ ಮಿಂದು ಸಿಹಿಯಾಗುತ್ತದೆ. ತಾಲ್ಲೂಕು ಮಟ್ಟದ ಘಟಕಕ್ಕೆ ಒಗ್ಗುವುದು ಘನವಸ್ತುವಿನ ಹಾಸು. ಅನಿಲದ ಅಣುಗಳನ್ನು ತನ್ನ ಮೇಲ್ಮೈಯಲ್ಲಿ ಹಿಡಿದಿಡುವ ಇಂತಹ ವಸ್ತುವನ್ನು ಅಧಿಶೋಷಕ ಎನ್ನುತ್ತಾರೆ, ಹಿಡಿದದ್ದನ್ನು ಬಿಡಿಸಿ ಅದನ್ನೇ ಮತ್ತೆ ಬಳಸುವುದು ಪುನಶ್ಚೇತನ. ಜಿಯೊಲೈಟ್ ಎಂಬ ಸೂಕ್ಷ್ಮರಂಧ್ರಗಳ ಖನಿಜವನ್ನು 200ರಿಂದ 300 ಡಿಗ್ರಿಯಷ್ಟು ಬಿಸಿ ಅನಿಲ ಹಾಯಿಸಿ ಪುನಶ್ಚೇತನಗೊಳಿಸಬಹುದಾದರೂ, ಆಗ ಹೊರಬರುವುದು ಅದೇ ಹೈಡ್ರೋಜನ್ ಸಲ್ಫೈಡ್, ಇನ್ನಷ್ಟು ಸಾಂದ್ರವಾಗಿ. ಮಾರಾಟಗಾರರ ಕರಪತ್ರಗಳು ಈ ಮಾತನ್ನು ಸಣ್ಣ ಅಕ್ಷರದಲ್ಲಿಯೂ ಹೇಳುವುದು ಅಪರೂಪ. ಅಲ್ಲದೆ ಜಿಯೊಲೈಟ್ ನೀರನ್ನು ಮೊದಲು ಹಿಡಿಯುತ್ತದೆ, ಡೈಜೆಸ್ಟರಿನ ಅನಿಲವೋ ತೇವದಿಂದ ತುಂಬಿರುತ್ತದೆ.

ಹಾಗಾಗಿ ಈ ಲೇಖಕನ ಅನುಭವದಲ್ಲಿ ಇಲ್ಲಿಗೆ ಹೊಂದುವುದು ಹಳೆಯ ಕಬ್ಬಿಣದ ಆಕ್ಸೈಡೇ, ಅಂದರೆ ಮರದ ಚಕ್ಕೆಗೆ ಅಂಟಿಸಿದ ಅಥವಾ ಗುಳಿಗೆ ಕಟ್ಟಿದ ತುಕ್ಕು. ಅದು ಸಲ್ಫೈಡನ್ನು ಹಿಡಿದು ಕಪ್ಪಾಗುತ್ತದೆ. ಗಾಳಿ ತಾಗಿಸಿದರೆ ಕಬ್ಬಿಣ ಮತ್ತೆ ಆಕ್ಸೈಡಾಗಿ ಕೆಂಪಿಗೆ ತಿರುಗುತ್ತದೆ, ಗಂಧಕ ಹಳದಿ ಪುಡಿಯಾಗಿ ಹಾಸಿನಲ್ಲಿಯೇ ಉಳಿಯುತ್ತದೆ. ಒಂದು ಕಿಲೋ ಶುದ್ಧ ಆಕ್ಸೈಡ್ ಒಂದು ಸುತ್ತಿನಲ್ಲಿ ಹಿಡಿಯಬಲ್ಲದ್ದು, ಪುಸ್ತಕದ ಲೆಕ್ಕದಂತೆ, 640 ಗ್ರಾಂ ಹೈಡ್ರೋಜನ್ ಸಲ್ಫೈಡ್. ಎರಡು ಭಾಗ ಸಲ್ಫೈಡ್ ಇರುವ ಸಾವಿರ ಘನಮೀಟರ್ ಡಿಸ್ಟಿಲರಿ ಅನಿಲದಲ್ಲಿ 28 ಕಿಲೋ ಇರುವುದರಿಂದ, ಹಾಸೊಂದನ್ನೇ ನಂಬಿ ಕೂತರೆ ಅದನ್ನು ತುಂಬಿ ತೆಗೆಯುವುದರಲ್ಲೇ ಕಬ್ಬು ಅರೆಯುವ ಹಂಗಾಮು ಕಳೆದುಹೋಗುತ್ತದೆ. ಮೊದಲು ಗಂಧಕ ತಿನ್ನುವ ಬ್ಯಾಕ್ಟೀರಿಯಾಗಳ ಗೋಪುರದಲ್ಲಿ ಅಥವಾ ಕ್ಷಾರದ ದ್ರಾವಣದಲ್ಲಿ ಅನಿಲವನ್ನು ತೊಳೆದು, ಉಳಿದ ಚೂರುಪಾರಿಗೆ ಮಾತ್ರ ತುಕ್ಕನ್ನು ಇಡುವುದು ಸರಿಯಾದ ಕ್ರಮ. ಡೈಜೆಸ್ಟರಿನೊಳಕ್ಕೆ ಸ್ವಲ್ಪ ಗಾಳಿ ಬಿಟ್ಟು ಸಲ್ಫೈಡ್ ಇಳಿಸುವ ಅಗ್ಗದ ಉಪಾಯವೂ ಉಂಟು. ಬಾಯ್ಲರಿಗೆ ಅದು ನಡೆಯುತ್ತದೆ, ಸಿಬಿಜಿಗೆ ನಡೆಯದು, ಏಕೆಂದರೆ ಗಾಳಿಯ ಸಾರಜನಕ ಅನಿಲದಲ್ಲಿ ಸೇರಿಕೊಂಡು ಮೀಥೇನಿನ ಪಾಲನ್ನು ತಗ್ಗಿಸುತ್ತದೆ.

ಹಾಸಿನ ಗುಣ ತಿಳಿಯುವುದು ಅದು ಅನಿಲ ಹಿಡಿಯುವಾಗಲ್ಲ, ಪುನಶ್ಚೇತನದಲ್ಲಿ. ಆ ಕ್ರಿಯೆ ಶಾಖ ಹೊರಸೂಸುತ್ತದೆ. ಗಾಳಿಯನ್ನು ಒಮ್ಮೆಲೇ ಬಿಟ್ಟರೆ ಚಕ್ಕೆಯ ತೇವ ಆರಿ, ಕಬ್ಬಿಣದ ಸಲ್ಫೈಡ್ ತಾನಾಗಿ ಹೊತ್ತಿಕೊಂಡು, ಗಂಧಕ ನೀಲಿ ಜ್ವಾಲೆಯಾಗಿ ಉರಿಯತೊಡಗುತ್ತದೆ. ಮೊದಲು ಮೀಥೇನನ್ನು ಪೂರ್ತಿ ಹೊರದೂಡಿ, ಬಳಿಕ ಗಾಳಿಯನ್ನು ಅತ್ಯಲ್ಪ ಪ್ರಮಾಣದಲ್ಲಿ ಆರಂಭಿಸಿ, ಹಾಸಿನ ಮೂರು ಎತ್ತರಗಳಲ್ಲಿ ತಾಪಮಾಪಕ ನೋಡುತ್ತ, ಕೈಗೆ ಸಹಿಸದಷ್ಟು ಬಿಸಿಯಾಗುವ ಮೊದಲೇ ನೀರು ಚಿಮುಕಿಸುವುದು ರೂಢಿಯಾಗಬೇಕು. ಹಂಗಾಮು ಮುಗಿಯುವುದು ಮಾರ್ಚ್ ಹೊತ್ತಿಗೆ. ಏಪ್ರಿಲ್‌ನ ನಡುಹಗಲಿನಲ್ಲಿ, ಅಥಣಿಯ ಬಿಸಿಲಿನಲ್ಲಿ ಹಾಸಿನ ಪೆಟ್ಟಿಗೆಯ ಮುಚ್ಚಳ ತೆಗೆದು ಕಪ್ಪು ಚಕ್ಕೆಯನ್ನು ಅಂಗಳಕ್ಕೆ ಸುರಿಯುವ ಅವಸರಕ್ಕಿಂತ ಕೆಟ್ಟದ್ದಿಲ್ಲ. ಬೆಳಗಿನ ತಂಪಿನಲ್ಲಿ ನೆನೆಸಿ, ತೆಳುವಾಗಿ ಹರವಿ, ಮಗುಚುತ್ತ ಕೆಂಪಗಾಗಲು ಬಿಡಬೇಕು.

ಮೂಗಿನ ಮೇಲಿನ ನಂಬಿಕೆ ಇನ್ನೊಂದು ಅಪಾಯ. ಹತ್ತು ಲಕ್ಷದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ ಇದ್ದಾಗಲೇ ನಾತ ಹೊಡೆಯುವ ಹೈಡ್ರೋಜನ್ ಸಲ್ಫೈಡ್, ನೂರು ಭಾಗ ದಾಟಿದಾಗ ಘ್ರಾಣಶಕ್ತಿಯನ್ನೇ ಜಡಗೊಳಿಸುತ್ತದೆ. ಗಾಳಿಗಿಂತ ಭಾರವಾದ್ದರಿಂದ ಗುಂಡಿ, ತೊಟ್ಟಿಗಳ ತಳದಲ್ಲಿ ನಿಲ್ಲುತ್ತದೆ. ನಾತ ಕಡಿಮೆಯಾಯಿತೆಂದು ಒಳಗಿಳಿದವರನ್ನು ಎತ್ತಲು ಇಳಿದವರೂ ಬೀಳುವುದು ಇದರಿಂದಲೇ. ಕೊರಳಿಗೆ ಹಾಕುವ ಅನಿಲ ಸೂಚಕ ಯಂತ್ರವಿಲ್ಲದೆ ಯಾರೂ ಆ ಕಡೆ ಸುಳಿಯಬಾರದು.

ಪುನಶ್ಚೇತನ ಕೊನೆಯಿಲ್ಲದ್ದೇನೂ ಅಲ್ಲ. ಪ್ರತಿ ಸುತ್ತಿಗೂ ಗಂಧಕ ಕಣಗಳ ಸುತ್ತ ಪದರಗಟ್ಟಿ ರಂಧ್ರ ಮುಚ್ಚುತ್ತ ಹೋಗಿ, ಕೆಲವು ಸುತ್ತುಗಳ ನಂತರ ಹಾಸನ್ನು ಬದಲಿಸಲೇಬೇಕು. ಬೂದಿರೋಗಕ್ಕೆ ದ್ರಾಕ್ಷಿ ತೋಟಗಳಲ್ಲಿ ಗಂಧಕ ಉದುರಿಸುವ ಅಥಣಿಯ ರೈತರಿಗೆ ಈ ಹಳದಿ ಚಕ್ಕೆ ಪುಕ್ಕಟೆ ಔಷಧಿಯಂತೆ ಕಂಡರೂ, ಅದರ ಕಣ ಒರಟು, ಶುದ್ಧತೆ ಅನಿಶ್ಚಿತ. ಎಲೆಗೆ ಅದು ಸಲ್ಲದು. ಅತಿ ನೀರಾವರಿಯಿಂದ ಕ್ಷಾರ ಏರಿದ ನದಿದಂಡೆಯ ಕಪ್ಪು ಮಣ್ಣಿನಲ್ಲಿ ಗಂಧಕ ನಿಧಾನವಾಗಿ ಆಮ್ಲವಾಗಿ ಕ್ಷಾರವನ್ನು ತಗ್ಗಿಸಬಲ್ಲದು. ಆದರೆ ಚಕ್ಕೆಯಲ್ಲಿ ಕಪ್ಪು ಸಲ್ಫೈಡ್ ಪೂರ್ತಿ ಅಳಿದ ಮೇಲೆ, ಮಣ್ಣು ಮತ್ತು ಚಕ್ಕೆ ಎರಡರ ಪರೀಕ್ಷೆ ಮಾಡಿಸಿದ ಮೇಲೆ ಮಾತ್ರ, ಅದೂ ಮೊದಲು ಹೊಲದ ಒಂದು ಮೂಲೆಯಲ್ಲಿ.