ಬರ್ಥುಡ್ ಘಾಟಿಯಲ್ಲಿ ತಲೆಗೆ ಇಪ್ಪತ್ತು ಡಾಲರ್

ಕೊಲರಾಡೊದ ಬರ್ಥುಡ್ ಘಾಟಿಯಲ್ಲಿ ಟಿಕೆಟ್ ಕೌಂಟರ್ ಇಲ್ಲ. 1937ರಲ್ಲೇ ಸ್ಕೀ ತಾಣವಾಗಿ ತೆರೆದ, 11,307 ಅಡಿ ಎತ್ತರದ ಈ ಜಾಗದಲ್ಲಿ ಲಿಫ್ಟುಗಳು ನಿಂತು ಎರಡು ದಶಕ ದಾಟಿದೆ. ಈಗ ಸ್ಕೀ ತಳಕ್ಕೆ ಸ್ಕಿನ್ ಪಟ್ಟಿ ಅಂಟಿಸಿಕೊಂಡು ತಾವೇ ಹತ್ತಬೇಕು, ಜರಡಿ ಹಿಡಿದ ಅಕ್ಕಿಹಿಟ್ಟಿನಂಥ ಹಿಮದಲ್ಲಿ ಇಳಿಯಬೇಕು. ಅದೇ ರಾಜ್ಯದ ವೇಲ್ ರೆಸಾರ್ಟಿನಲ್ಲಿ ನೂಕುನುಗ್ಗಲಿನ ದಿನಗಳಂದು ಒಂದು ಟಿಕೆಟ್ಟೇ 300 ಡಾಲರ್ ಮೀರುತ್ತದೆ. ಡೆನ್ವರ್‌ನಲ್ಲಿ ನೆಲೆಸಿರುವ ಈ ಅಂಕಣಕಾರನೂ ಅವನ ಮೂವರು ಗೆಳೆಯರೂ ಬರ್ಥುಡ್ಡನ್ನು ‘ಪುಕ್ಕಟೆ ಬೆಟ್ಟ’ ಎಂದೇ ಕರೆಯುತ್ತಿದ್ದರು.

ಲೆಕ್ಕ ಬರೆದಾಗ ಆ ಮಾತು ನಿಲ್ಲಲಿಲ್ಲ. ಹಿಮದಡಿ ಹೂತವರನ್ನು ಪತ್ತೆಹಚ್ಚುವ ಬೀಕನ್, ಪ್ರೋಬ್ ಕೋಲು, ಸಲಿಕೆ, ಮೂರು ದಿನದ ಹಿಮಕುಸಿತ ತರಬೇತಿ ಸೇರಿ ಒಬ್ಬೊಬ್ಬರಿಗೂ ಸಾವಿರ ಡಾಲರ್ ದಾಟಿತು. ಇಲ್ಲಿ ಚೌಕಾಸಿ ಸಲ್ಲದು: ಅಂಕಣಕಾರನ ಬೀಕನ್ ಹುಡುಕುವುದು ಗೆಳೆಯನನ್ನು, ಗೆಳೆಯನದು ಅವನನ್ನು. ಮೊದಲ ಹತ್ತು-ಹದಿನೈದು ನಿಮಿಷ ಕಳೆದರೆ ಹೂತವರು ಬದುಕುವ ಸಾಧ್ಯತೆ ಸರ್ರನೆ ಇಳಿಯುತ್ತದೆ. ರಕ್ಷಣಾ ತಂಡ ಬರುವವರೆಗೆ ಕಾಯುವಷ್ಟು ಹೊತ್ತು ಇರುವುದಿಲ್ಲ.

ಅವರು ಎಡವಿದ್ದು ಬಾಡಿಗೆ ಮನೆಯ ವಿಷಯದಲ್ಲಿ. ಮೊದಲ ವರ್ಷ ಘಾಟಿಯ ಬಳಿಯ ಫ್ರೇಜರ್ ಊರಿನಲ್ಲಿ ಎರಡು ರಾತ್ರಿಗೆ 620 ಡಾಲರಿನ ಮನೆ ಹಿಡಿದರು. ರದ್ದು ಮಾಡಿದರೆ ಬಿಡಿಗಾಸೂ ವಾಪಸಿಲ್ಲ. ಶುಕ್ರವಾರ ರಾತ್ರಿಯೆಲ್ಲ ಬೀಸಿದ ಗಾಳಿ ಹೊಸ ಹಿಮವನ್ನು ಇಳಿಜಾರುಗಳ ಮರೆಯಲ್ಲಿ ಪೇರಿಸಿತ್ತು. ಕೊಲರಾಡೊ ಹಿಮಕುಸಿತ ಮಾಹಿತಿ ಕೇಂದ್ರದ ಮುನ್ಸೂಚನೆಯಲ್ಲಿ ಅಪಾಯ ಐದರಲ್ಲಿ ಮೂರನೇ ಹಂತ. ನಾಲ್ಕು, ಐದು ಎಂದರೆ ಜನ ಮನೆಯಲ್ಲೇ ಉಳಿಯುತ್ತಾರೆ, ಮೂರಕ್ಕೆ ಹೊರಡುತ್ತಾರೆ. ಸಾವುಗಳೂ ಆ ಹಂತದಲ್ಲೇ ಹೆಚ್ಚು. “ತಲೆಗೆ 155 ಕೊಟ್ಟಿದ್ದೀವಿ, ಸುಮ್ನೆ ಕೂತ್ಕೊಳ್ಳೋದಾ?” ಎಂದದ್ದು ಅಂಕಣಕಾರನೇ.

ಹೊರಟರು. ಇಳಿಜಾರು 30 ಡಿಗ್ರಿ ಮುಟ್ಟುವ ಕಡೆ, ಕಾಲಡಿಯ ಹಿಮಪದರ ‘ವುಂಫ್’ ಎಂದು ಕುಸಿದು ಕೂತಿತು. ಹಲಗೆಯಂಥ ಪದರಗಳು ಹೆಚ್ಚಾಗಿ ಕಳಚಿ ಜಾರುವುದು 30ರಿಂದ 45 ಡಿಗ್ರಿಯಲ್ಲೇ. ಯಾರೂ ಮಾತಾಡಲಿಲ್ಲ; ಬಂದ ಜಾಡಿನಲ್ಲೇ ಹಿಂದಿರುಗಿದರು.

ಮರುವರ್ಷ, ಗುರುವಾರದವರೆಗೂ ರದ್ದು ಮಾಡಬಹುದಾದ ಮನೆಗೆ 700 ಡಾಲರ್ ಒಪ್ಪಿಕೊಂಡರು. ತಲೆಗೆ 20 ಹೆಚ್ಚು. ಆ ಚಳಿಗಾಲದಲ್ಲಿ ಅಂಕಣಕಾರ ಮಾಡಿದ ಅತ್ಯುತ್ತಮ ಖರ್ಚು ಅದು. ಗುರುವಾರ ಬಿರುಗಾಳಿಯ ಸುದ್ದಿ ಬಂತು. ಮನೆ ಬಿಟ್ಟರು, ಹಣ ಪೂರ್ತಿ ಮರಳಿತು. ಮೂರು ವಾರದ ಮೇಲೆ, ಎರಡನೇ ಹಂತದ ಶನಿವಾರ, ಮರಗಳ ನಡುವಿನ ಹದವಾದ ಇಳಿಜಾರಿನಲ್ಲಿ, ಮೊಣಕಾಲುದ್ದದ ಪುಡಿಹಿಮದಲ್ಲಿ ಒಬ್ಬರಾದ ಮೇಲೆ ಒಬ್ಬರು ಇಳಿದರು. ಸಂಜೆ ಬಿಸಿಬೇಳೆಬಾತ್ ಬೇಯುತ್ತಿರುವಾಗ ಬೀಕನ್ ಬ್ಯಾಟರಿಗೆಂದು ತಲೆಗೆ ಐದು ಡಾಲರ್ ಎತ್ತಿದರು.